ಮಗುಚಿ ಮಲಗಿದ ಬೆನ್ನುಹುರಿ

ಬೇಕರಿಯಣ್ಣನಿಗೆ ಎರಡು ಕಿವಿಗಳಿವೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವು ಕೆಲಸ ಮಾಡುತ್ತವೆಯೇ ಎಂಬ ಅನುಮಾನ ಮಾತ್ರ ಅವನ ಹೆಂಡತಿಗೆ ಮದುವೆಯಾದ ಹೊಸತರಿಂದಲೂ ಇತ್ತು.

ಹೆಂಡತಿ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವವಳು. ಬೇಕರಿಯ ಬೆಕ್ಕೊಂದನ್ನು ಬಿಟ್ಟು ಮಿಕ್ಕವರೆಲ್ಲ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು. ಕಥೆ ಗಂಡನ ಕಡೆಯದಾದ್ದರಿಂದ ನಾವು ಮೇಡಂ ಎಂದರೂ ಏಕವಚನದಲ್ಲೇ ಹೇಳೋಣ. ಆಕೆಗೆ ಕೇಳಿಸದಿದ್ದರೆ ಸರಿ. ಡಾಕ್ಟರಿಕೆ ಓದಿದವಳು ಬ್ರೆಡ್ಡು ಬೇಯಿಸುವವನನ್ನು ಹೇಗೆ ಮದುವೆಯಾದಳು ಎಂದು ಬೀದಿಯವರು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. ಹಾಸ್ಟೆಲಿಗೆ ಬಂದ ಬನ್ನು ಕಲ್ಲಿನಂತಿದೆ ಎಂದು ಜಗಳಕ್ಕೆ ಬಂದವಳು, ಇವನು ಒಂದೂ ಮಾತಾಡದೆ ಬಿಸಿ ಬನ್ನು ಮುಂದಿಟ್ಟದ್ದಕ್ಕೆ ಸೋತಳು, ಅಷ್ಟೇ. ಆ ಮೌನವನ್ನು ಅಂದು ಅವಳು ವಿನಯ ಎಂದುಕೊಂಡಳು. ಅದು ಅವನ ಹುಟ್ಟುಗುಣ ಎಂದು ತಿಳಿಯುವಷ್ಟರಲ್ಲಿ ಮದುವೆ ಆಗಿಹೋಗಿತ್ತು.

ಅಂದಿನಿಂದ ದಿನವೂ ಬೆಳಿಗ್ಗೆ ಒಂದೇ ನೋಟ. ಬೇಕರಿಯ ಹಿಂದಿನ ಕೋಣೆಯಲ್ಲಿ ಅವನು ಹಿಟ್ಟು ನಾದುತ್ತಿದ್ದ. ಅವಳು ಮೈದಾ ಮೂಟೆಯ ಮೇಲೆ ಟೀ ಲೋಟ ಹಿಡಿದು ಕೂತು, ಅಂದಿನ ಪಾಠವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿಕೊಳ್ಳುತ್ತಿದ್ದಳು.

“ಮಿದುಳಲ್ಲಿ ಬೂದು ಭಾಗ ಹೊರಗೆ, ಬಿಳಿ ಭಾಗ ಒಳಗೆ. ಬೆನ್ನುಹುರೀಲಿ ಉಲ್ಟಾ, ಬಿಳಿ ಹೊರಗೆ, ಬೂದು ಒಳಗೆ. ಬೂದು ಅಂದ್ರೆ ನರಕೋಶಗಳ ಒಡಲಿರೋ ಜಾಗ. ಬಿಳಿ ಅಂದ್ರೆ ಆ ಕೋಶಗಳಿಂದ ಹೊರಟ ಉದ್ದುದ್ದ ಎಳೆಗಳು, ಸುದ್ದಿ ಸಾಗಿಸೋವು. ಅವು ಬೆಳ್ಳಗೆ ಯಾಕಿವೆ ಹೇಳಿ?”

“ಹ್ಞೂಂ.”

“ಹ್ಞೂಂ ಅಲ್ಲ, ಕೊಬ್ಬು. ಎಳೆಗಳ ಸುತ್ತ ಕೊಬ್ಬಿನ ಹೊದಿಕೆ ಇರುತ್ತೆ, ಅದಕ್ಕೇ ಬಿಳಿ. ನಿಮಗೆ ಹೇಳೋದೂ ಒಂದೇ, ಆ ಹಿಟ್ಟಿಗೆ ಹೇಳೋದೂ ಒಂದೇ. ಹಿಟ್ಟಾದ್ರೂ ಸ್ವಲ್ಪ ಹೊತ್ತಿಗೆ ಉಬ್ಬುತ್ತೆ.”

ಬೆನ್ನುಹುರಿ ಅವಳ ಮುದ್ದಿನ ವಿಷಯ. ಅದನ್ನು ಅಡ್ಡಕ್ಕೆ ಕೊಯ್ದರೆ ನಡುವಿನ ಬೂದು ಭಾಗ ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಕಾಣುತ್ತದೆ, ಆ ರೆಕ್ಕೆಗಳಿಗೆ ಕೊಂಬು ಎನ್ನುತ್ತಾರೆ, ಹೊಟ್ಟೆಯ ಕಡೆಯ ಮುಂಗೊಂಬು ದಪ್ಪ, ಬೆನ್ನ ಕಡೆಯ ಹಿಂಗೊಂಬು ತೆಳ್ಳಗೆ. ದಪ್ಪನೆಯದು ಕೈಕಾಲುಗಳಿಗೆ ಕೆಲಸ ಹೇಳುವುದು. ತೆಳ್ಳನೆಯದು ಮೈಯಿಂದ ಬರುವ ಸುದ್ದಿಯನ್ನು ಕೇಳಿಸಿಕೊಳ್ಳುವುದು. ಇಷ್ಟು ಹೇಳಿ, ಟೀ ಮುಗಿಸಿ, ಏಳುವಾಗ ಅವಳು ತಪ್ಪದೆ ಒಂದು ಮಾತು ಸೇರಿಸುತ್ತಿದ್ದಳು. “ನಿಮಗೆ ಮುಂದಿನ ಕೊಂಬು ಮಾತ್ರ ಇರೋದು. ಕೆಲಸ, ಕೆಲಸ, ಕೆಲಸ. ಕೇಳೋ ಕೊಂಬು ಇಡೋಕೆ ದೇವರು ಮರೆತುಬಿಟ್ಟಿದಾನೆ.”

“ಹ್ಞೂಂ,” ಎನ್ನುತ್ತಿದ್ದ ಬೇಕರಿಯಣ್ಣ.

ಬೆನ್ನುಹುರಿಯ ಹಿಂದು ಮುಂದು ತಪ್ಪಿದ ಹುಡುಗರನ್ನು ಅವಳು ಮುಲಾಜಿಲ್ಲದೆ ಫೇಲು ಮಾಡುತ್ತಿದ್ದಳು. ಅಪ್ಪ ಮಂತ್ರಿಯಾಗಿರಲಿ, ಅಮ್ಮ ಅತ್ತು ಕರೆಯಲಿ, ಉಹೂಂ. ಆದರೆ ಫೇಲು ಮಾಡಿದವರನ್ನು ನಡುನೀರಿನಲ್ಲಿ ಕೈಬಿಟ್ಟವಳೂ ಅಲ್ಲ. ಭಾನುವಾರ ಅವರನ್ನು ಬೇಕರಿಗೆ ಕರೆಸಿ, ಅದೇ ಮೈದಾ ಮೂಟೆಗಳ ಮೇಲೆ ಕೂರಿಸಿ, ಪಾಸಾಗುವ ತನಕ ಬಿಡದೆ ಕಲಿಸುತ್ತಿದ್ದಳು. ಪ್ಯಾಂಟಿನ ಹಿಂದೆ ಹಿಟ್ಟು ಮೆತ್ತಿಕೊಂಡು ಹೋದ ಡಾಕ್ಟರುಗಳು ಊರಿನ ತುಂಬ ಇದ್ದರು. ಈಗ ಅವಳ ವಿಭಾಗದ ಮುಖ್ಯಸ್ಥನಾಗಿರುವ ಗುಂಡು ಮುಖದವನೂ ಒಂದು ಕಾಲದಲ್ಲಿ ಅದೇ ಮೂಟೆಯ ಮೇಲೆ ಕೂತವನೇ.

ಹೀಗಿರುವಾಗ ಅವಳ ನಿವೃತ್ತಿ ಹತ್ತಿರ ಬಂತು. ಅದರ ಹಿಂದೆಯೇ ಬಹುದೂರದ ಊರಿನ ಹೊಸ ಕಾಲೇಜಿನಿಂದ ಫೋನು ಬಂತು. ನಮ್ಮಲ್ಲಿಗೆ ಬನ್ನಿ, ಮನೆ ಕೊಡುತ್ತೇವೆ, ನಿಮ್ಮಂಥವರು ಬೇಕು ಎಂದರಂತೆ. ಬೀಳ್ಕೊಡುಗೆಯ ದಿನ ಸಂಜೆಯೊಳಗೆ ಉತ್ತರ ಹೇಳಬೇಕಂತೆ. ಊಟದ ಮೇಜಿನ ಹತ್ತಿರ ಅವಳು ಇದನ್ನು ಗಂಡನಿಗೆ ಹೇಳಿದಳು.

“ಏನಂತೀರಿ?”

ಬೇಕರಿಯಣ್ಣ ತಟ್ಟೆಯ ಅನ್ನವನ್ನು ಮತ್ತೆ ಮತ್ತೆ ಕಲಸಿದ. ಓವನ್ನು ಹೊತ್ತು ಆ ಊರಿಗೆ ಹೋಗುವ ಹಾಗಿಲ್ಲ. ಇಲ್ಲಿ ತಂಗಿ ಇದ್ದಾಳೆ, ಗಂಡ ತೀರಿಕೊಂಡ ಮೇಲೆ ಬೇಕರಿಯ ಗಲ್ಲಾಪೆಟ್ಟಿಗೆಯೇ ಅವಳ ಸಂಸಾರ. ಹೆಂಡತಿ ಹೋದರೆ ಒಬ್ಬಳೇ ಹೋಗಬೇಕು. ಆಮೇಲೆ ಬೆಳಿಗ್ಗೆ ಆ ಮೂಟೆಯ ಮೇಲೆ ಯಾರು ಕೂರುತ್ತಾರೆ? ಹೋಗಬೇಡ ಕಣೇ ಎಂಬ ಮಾತು ಗಂಟಲವರೆಗೆ ಬಂತು, ಅಲ್ಲೇ ಕೂತಿತು. ಬಾಯಿಂದ ಹೊರಬಿದ್ದದ್ದು ಬೇರೆ.

“ನಿನ್ನಿಷ್ಟ.”

ಮೇಡಂ ತಟ್ಟೆ ಎತ್ತಿಕೊಂಡು ಎದ್ದಳು. “ಅಲ್ಲಾದ್ರೆ ನನ್ನ ಮಾತು ಕೇಳೋರು ನಾಲ್ಕು ಜನ ಇರ್ತಾರೆ,” ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವಳು ಮೆತ್ತಗೆ ಹೇಳಿದಳು.

ಮಾತಾಡಲು ಬಾರದವನು ಏನು ಮಾಡಬೇಕು? ಕೈಗೆ ಬರುವುದನ್ನು ಮಾಡಬೇಕು. ಬೀಳ್ಕೊಡುಗೆಗೆ ವಿಭಾಗದವರು ಅವನಿಗೇ ಒಂದು ಚೌಕನೆಯ ಕೇಕು ಹೇಳಿದ್ದರು, ಮೇಲೆ ‘ಶುಭವಿದಾಯ’ ಎಂದು ಬರೆಯಬೇಕಿತ್ತು. ಆ ಪದ ನೋಡಿದರೇ ಅವನಿಗೆ ಮೈ ಉರಿಯುತ್ತಿತ್ತು. ಬರೆಯುವುದಿಲ್ಲ ಎಂದು ತೀರ್ಮಾನಿಸಿದ. ಅದರ ಬದಲು ಮಿದುಳು, ಬೆನ್ನುಹುರಿ ಎರಡನ್ನೂ ಕೇಕಿನಲ್ಲೇ ಮಾಡಿ ಅವಳ ಮುಂದಿಡುತ್ತೇನೆ, ಅವಳೇ ಚಾಕು ಹಾಕಿ ಕೊಯ್ಯಲಿ, ನಾನು ಇಷ್ಟು ವರ್ಷ ಕೇಳಿಸಿಕೊಂಡೆನೋ ಇಲ್ಲವೋ ಒಳಗೆ ನೋಡಲಿ. ಕೇಕು ಸರಿಯಿದ್ದರೆ ಅವಳು ಹೋಗುವುದಿಲ್ಲ. ಇದು ಅವನ ಲೆಕ್ಕ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳಿದರೆ ನಮಗೂ ಹೇಳಲು ಬಾರದು.

ಬೀಳ್ಕೊಡುಗೆಯ ಹಿಂದಿನ ದಿನ, ಅವಳು ಕಾಲೇಜಿಗೆ ಹೊರಟ ಕೂಡಲೇ ಬಾಗಿಲು ಹಾಕಿಕೊಂಡು ಶುರು ಮಾಡಿದ. ಆಶ್ಚರ್ಯವೆಂದರೆ ಎಲ್ಲವೂ ನೆನಪಿತ್ತು. ಮುಖ್ಯವಾಗಿ, ಬೆಣ್ಣೆಗೂ ಹಿಟ್ಟಿಗೂ ಹತ್ತಿರದ ಸಂಗತಿ ಯಾವುದನ್ನೂ ಅವನ ತಲೆ ಬಿಟ್ಟುಕೊಟ್ಟಿರಲಿಲ್ಲ. ಬಿಳಿ ಭಾಗ ಕೊಬ್ಬಿನಿಂದ ಬಿಳಿ. ಹಾಗಾದರೆ ಅದು ಬೆಣ್ಣೆ ಹೆಚ್ಚು ಹಾಕಿದ ಬಿಳಿ ಕೇಕು. ಬೂದು ಭಾಗಕ್ಕೆ ಕರಿ ಎಳ್ಳು ಹುರಿದು ಪುಡಿ ಮಾಡಿ ಹಿಟ್ಟಿಗೂ ಕ್ರೀಮಿಗೂ ಕಲಸಿದ. ತಂಗಿ ಬಟ್ಟಲಿಗೆ ಇಣುಕಿ ನೋಡಿ ಮೂಗು ಮುರಿದಳು.

“ಅಣ್ಣಾ, ಇದೇನು, ಒಲೆ ಬೂದಿ ಹಾಕಿದೀಯಾ? ಇದನ್ನ ಯಾರು ತಿಂತಾರೆ?”

“ನಿನ್ನ ತಲೇಲೂ ಇದೇ ಇರೋದು.”

“ನನ್ನ ತಲೇಲಿ ಇರೋದನ್ನ ನಾನೇನೂ ಮಾರೋಕೆ ಇಟ್ಟಿಲ್ಲವಲ್ಲ,” ಎಂದಳು ತಂಗಿ. ಆದರೂ ಸೆರಗು ಸಿಕ್ಕಿಸಿ ಪಕ್ಕಕ್ಕೆ ನಿಂತಳು. ಅತ್ತಿಗೆ ಹೋಗಿಬಿಟ್ಟರೆ ಅಣ್ಣನ ಮೌನವೆಲ್ಲ ತನ್ನೊಬ್ಬಳ ತಲೆಗೇ ಬರುತ್ತದೆಂದು ಅವಳಿಗೂ ಗೊತ್ತಿತ್ತು.

ಮಿದುಳು ಸಲೀಸಾಗಿ ಆಯಿತು. ಒಳಗೆ ಬಿಳಿ ಕೇಕು, ಅದರ ಆಳದಲ್ಲಿ ಅಲ್ಲಲ್ಲಿ ಬೂದು ಉಂಡೆಗಳು, ಏಕೆಂದರೆ ಬೂದು ಭಾಗ ಹೊರಗಷ್ಟೇ ಅಲ್ಲ, ಒಳಗೂ ಅಲ್ಲಲ್ಲಿ ಗಂಟು ಕಟ್ಟಿಕೊಂಡಿರುತ್ತದೆ ಎಂದು ಒಂದು ಸೋಮವಾರ ಅವಳು ಹೇಳಿದ್ದಳು. ಹೊರಗೆ ಎಳ್ಳಿನ ಕ್ರೀಮನ್ನು ಮಡಿಕೆ ಮಡಿಕೆಯಾಗಿ ಹಿಂಡಿದ. ಮೇಲೆ ಮೂರು ಪೊರೆ. ಮಿದುಳಿಗೇ ಅಂಟಿಕೊಂಡ ತೆಳುಪೊರೆಗೆ ಸಕ್ಕರೆ ಪಾಕದ ಲೇಪ, ಅದರ ಮೇಲಿನ ಜೇಡರ ಬಲೆಯಂಥ ಪೊರೆಗೆ ಪಾಕದಿಂದ ಎಳೆದ ಕೂದಲೆಳೆಗಳು, ಎಲ್ಲಕ್ಕೂ ಮೇಲಿನ ಗಟ್ಟಿ ಪೊರೆಗೆ ಲಟ್ಟಿಸಿದ ಸಕ್ಕರೆಯ ಹಾಳೆ.

ಬೆನ್ನುಹುರಿ ಬೆವರಿಳಿಸಿತು. ಬೂದು ಕೇಕನ್ನು ಉದ್ದಕ್ಕೂ ಕೆತ್ತಿ ನಾಲ್ಕು ಕೊಂಬು ಮಾಡಿದ, ಎರಡು ದಪ್ಪ, ಎರಡು ತೆಳ್ಳಗೆ. ನಟ್ಟನಡುವೆ ಸಣ್ಣ ಕೊಳವೆ ಕೊರೆದು ಪಾಕ ತುಂಬಿದ. ಸಂದುಗಳಿಗೆಲ್ಲ ಬೆಣ್ಣೆ ಕ್ರೀಮು ತುಂಬಿ, ಎಲ್ಲವನ್ನೂ ಒಂದು ಅಗಲವಾದ ಬಿಳಿ ಕೇಕಿನ ಹಾಳೆಯಲ್ಲಿ ಸುತ್ತಿದ. ಸುತ್ತಿದ ಹಾಳೆಯ ಅಂಚುಗಳು ತೆಳ್ಳನೆಯ ಕೊಂಬುಗಳ ಕಡೆ ಬಂದು ಕೂಡಿದವು.

ಇಲ್ಲೇ ಎಡವಟ್ಟಾದದ್ದು. ಸುರುಳಿ ಕೇಕಿನ ಅಂಚು ಕೂಡಿದ ಗೆರೆ ಯಾವಾಗಲೂ ಕೆಳಗಿರಬೇಕು. ಮೇಲಿದ್ದರೆ ಬಾಯಿ ಬಿಡುತ್ತದೆ. ಇದನ್ನು ಅವನಿಗೆ ಯಾರೂ ನೆನಪಿಸಬೇಕಿಲ್ಲ, ಅವನ ಕೈಗಳೇ ಮಾಡಿ ಮುಗಿಸುತ್ತವೆ. ಆ ಕೈಗಳು ಬೆನ್ನುಹುರಿಯನ್ನು ನಯವಾಗಿ ಎತ್ತಿ, ಮಗುಚಿ, ಗೆರೆ ಕೆಳಗೆ ಮಾಡಿ, ಹಲಗೆಯ ಮೇಲಿದ್ದ ಮಿದುಳಿನ ಹಿಂದಕ್ಕೆ ಜೋಡಿಸಿದವು. ಮೇಲೆ ಸಕ್ಕರೆ ಹಾಳೆ ಹೊದಿಸಿದ ಮೇಲೆ ಒಳಗಿನದು ಯಾರಿಗೂ ಕಾಣುವಂತಿರಲಿಲ್ಲ. ಬೇಕರಿಯಣ್ಣ ಹಿಂದಕ್ಕೆ ಸರಿದು ನೋಡಿ, ತನ್ನ ಜನ್ಮದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಮಾಡಿಲ್ಲ ಎಂದುಕೊಂಡ.

ಮರುದಿನ ಮಧ್ಯಾಹ್ನ ಅಣ್ಣತಂಗಿಯರು ಹಲಗೆ ಹೊತ್ತು ಕಾಲೇಜಿನ ಹಾಲಿಗೆ ಹೋದರು. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಒಂದೊಂದರಲ್ಲೂ ಯಾರದೋ ಏನೋ ಒಂದು ತೇಲುತ್ತಿತ್ತು. ತಂಗಿ ಅತ್ತ ನೋಡದೆ ನಡೆದಳು. ಭಾಷಣಗಳಾದವು. ಮುಖ್ಯಸ್ಥ ತಾನು ಮೈದಾ ಮೂಟೆಯ ಮೇಲೆ ಕಲಿತದ್ದನ್ನು ನೆನೆದು ಕಣ್ಣೊರೆಸಿಕೊಂಡ. ಆಮೇಲೆ ಕೇಕಿನ ಮೇಲಿನ ಬಟ್ಟೆ ತೆಗೆದರು.

ಹಾಲಿನಲ್ಲಿ ಗುಸುಗುಸು ಎದ್ದಿತು. ಮೇಡಂ ಕೇಕನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಕೇಕನ್ನು ನೋಡಿದಳು.

“ಇದನ್ನ ಯಾರು ಹೇಳಿಕೊಟ್ಟರು?”

“ನೀನೇ,” ಎಂದ ಬೇಕರಿಯಣ್ಣ.

ಅವಳು ಚಾಕು ತೆಗೆದುಕೊಂಡು, ಕೇಕು ಕೊಯ್ಯುವವರ ಹಾಗಲ್ಲ, ತನ್ನ ಮೇಜಿನ ಮೇಲೆ ಕೊಯ್ಯುವ ಹಾಗೆಯೇ ಬಗ್ಗಿದಳು. ಗಟ್ಟಿ ಪೊರೆಯನ್ನು ಸೀಳಿ ಮಡಿಸಿದಳು. ಅದರಡಿಯಲ್ಲಿ ಬಲೆ ಕಂಡಾಗ ಅವಳ ಹುಬ್ಬು ಮೇಲೇರಿತು. ಮಿದುಳನ್ನು ಅಡ್ಡಕ್ಕೆ ಕೊಯ್ದಳು. ಬೂದು ಹೊರಗೆ, ಬಿಳಿ ಒಳಗೆ, ಆಳದಲ್ಲಿ ಬೂದು ಉಂಡೆಗಳು. “ಅಯ್ಯೋ, ಒಳಗಿನ ಗಂಟುಗಳೂ ಇವೆ,” ಎಂದ ಮುಖ್ಯಸ್ಥ. ಚಪ್ಪಾಳೆ ಬಿತ್ತು. ತಂಗಿ ಅಣ್ಣನ ಪಕ್ಕೆಗೆ ತಿವಿದಳು. ಬೇಕರಿಯಣ್ಣ ನೆಲ ನೋಡುತ್ತ ನಿಂತಿದ್ದರೂ ಒಳಗೊಳಗೇ ಉಬ್ಬಿಹೋಗಿದ್ದ.

ಆಮೇಲೆ ಬೆನ್ನುಹುರಿ. ಬಿಳಿ ಹೊರಗೆ, ನಡುವೆ ಬೂದು ಚಿಟ್ಟೆ, ಚಿಟ್ಟೆಯ ನಡುವೆ ಪಾಕದ ಹನಿ. ಇನ್ನೊಂದು ಚಪ್ಪಾಳೆ ಎದ್ದಿತು. ಎದ್ದದ್ದು ಅರ್ಧಕ್ಕೇ ನಿಂತಿತು. ಮುಖ್ಯಸ್ಥ ಕತ್ತು ಒಂದು ಪಕ್ಕಕ್ಕೆ ವಾಲಿಸಿದ. ಅವನ ಪಕ್ಕದ ಉದ್ದ ಗಡ್ಡದ ಮೇಷ್ಟ್ರು ಇನ್ನೊಂದು ಪಕ್ಕಕ್ಕೆ ವಾಲಿಸಿದರು. ಮುಂದಿನ ಸಾಲಿನ ಹುಡುಗಿಯರೂ ಒಬ್ಬೊಬ್ಬರಾಗಿ ಕತ್ತು ವಾಲಿಸಿದರು.

“ದಪ್ಪ ಕೊಂಬು ಮೇಲಿದೆ,” ಎಂದ ಮುಖ್ಯಸ್ಥ ಮೆಲ್ಲಗೆ.

“ಅಂಗಾತ ಮಲಗಿರಬಹುದು,” ಎಂದರು ಗಡ್ಡದ ಮೇಷ್ಟ್ರು.

“ಅಂಗಾತ ಹೇಗೆ ಸರ್? ಮಿದುಳು ಬೋರಲು ಮಲಗಿದೆಯಲ್ಲ.”

“ಹಾಗಾದ್ರೆ ಕತ್ತು ತಿರುಚಿದಾರೆ.”

“ಇಷ್ಟು ತಿರುಚಿದ್ರೆ ಬದುಕಿರೋ ಮಾತೇ ಇಲ್ಲ,” ಎಂದಳು ಒಬ್ಬ ಹುಡುಗಿ. ಸತ್ತದ್ದು ಯಾವಾಗ ಎಂಬುದರ ಬಗ್ಗೆ ಹಿಂದಿನ ಸಾಲಿನಲ್ಲಿ ಚರ್ಚೆ ಶುರುವಾಯಿತು.

ಬೇಕರಿಯಣ್ಣ ಕೇಕನ್ನು ನೋಡಿದ. ನೋಡಿದ ಕೂಡಲೇ ತಿಳಿಯಿತು. ಇಷ್ಟು ವರ್ಷ ಹೆಂಡತಿ ಫೇಲು ಮಾಡಿದ ಹುಡುಗರೆಲ್ಲ ಮಾಡಿದ ಅದೇ ತಪ್ಪು. ಈಗ ಅವಳು ಆ ದೂರದ ಕಾಲೇಜಿಗೆ ಫೋನು ಮಾಡಿ ಬರುತ್ತೇನೆ ಎನ್ನುತ್ತಾಳೆ, ಹೋಗುತ್ತಾಳೆ, ಮೂಟೆಯ ಮೇಲೆ ಬೆಕ್ಕು ಕೂರುತ್ತದೆ.

ಮೇಡಂ ಚಾಕು ಕೆಳಗಿಟ್ಟಳು. ಆ ಮುಖ ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಪರೀಕ್ಷೆಯ ಮುಖ.

“ದಪ್ಪನೆ ಕೊಂಬು ಯಾವ ಕಡೆ ಇರಬೇಕು?”

“ಹೊಟ್ಟೆ ಕಡೆ,” ಎಂದ ಬೇಕರಿಯಣ್ಣ. ಧ್ವನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

“ಅದರ ಕೆಲಸ?”

“ಕೈಕಾಲಿಗೆ ಕೆಲಸ ಹೇಳೋದು.”

“ತೆಳ್ಳಗಿರೋದು?”

“ಬೆನ್ನ ಕಡೆ. ಸುದ್ದಿ ಕೇಳಿಸ್ಕೊಳ್ಳೋದು.” ಜೊತೆಗೆ ಸೇರಿಸಿದ, “ನನಗೆ ಅದಿಲ್ಲ ಅಂತ ನೀನು ಹೇಳ್ತೀಯ.”

ಯಾರೋ ಕಿಸಕ್ಕೆಂದರು. ಮೇಡಂ ತಿರುಗಿ ನೋಡಿದಳು, ನಗು ಅಲ್ಲೇ ಸತ್ತಿತು.

“ಎಲ್ಲ ಗೊತ್ತಿದ್ದೂ ಯಾಕೆ ಹೀಗೆ ಇಟ್ಟಿರಿ?”

“ಗೆರೆ ಕೆಳಗಿರಬೇಕಲ್ಲ,” ಎಂದ ಬೇಕರಿಯಣ್ಣ. “ಅಂಚು ಕೂಡಿದ ಗೆರೆ ಮೇಲಿದ್ರೆ ಸುರುಳಿ ಬಿಚ್ಚಿಕೊಳ್ಳುತ್ತೆ. ಕೈ ತಾನಾಗೇ ಮಗುಚಿಬಿಡ್ತು. ನಾನು ಕೇಳಿಸ್ಕೊಂಡಿದ್ದೆ ಕಣೇ. ದಿನಾ ಕೇಳಿಸ್ಕೊಂಡಿದೀನಿ. ಹೇಳೋಕೆ ಬರಲ್ಲ, ಅಷ್ಟೇ.” ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚಲು ಅವನಿಗೆ ತಿಳಿಯಲಿಲ್ಲ. “ಆವತ್ತು ನಿನ್ನಿಷ್ಟ ಅಂದೆನಲ್ಲ, ಅದು ಸುಳ್ಳು. ನನಗೆ ಇಷ್ಟ ಇಲ್ಲ. ನೀನು ಹೋಗಬೇಡ.”

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೇಡಂ ಮತ್ತೆ ಆ ಚಿಟ್ಟೆಯ ಮೇಲೆ ಬಗ್ಗಿದಳು. ಆಮೇಲೆ ಅದರಿಂದ ತೆಳ್ಳನೆಯ ಕೊಂಬೊಂದನ್ನು ಚಾಕುವಿನ ತುದಿಯಿಂದ ಬಿಡಿಸಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

“ಎಳ್ಳು ಚೆನ್ನಾಗಿದೆ,” ಎಂದಳು. ಆಮೇಲೆ ಮುಖ್ಯಸ್ಥನ ಕಡೆ ತಿರುಗಿದಳು. “ಬೆನ್ನುಹುರಿ ಹಿಂದು ಮುಂದು ಮಾಡಿದೋರಿಗೆ ನಾನು ಏನು ಕೊಡ್ತೀನಿ?”

“ಫೇಲು, ಮೇಡಂ,” ಎಂದ ಮುಖ್ಯಸ್ಥ ಅನುಭವದಿಂದ.

“ಗಂಡ ಅಂತ ಬಿಡೋಕಾಗುತ್ತಾ?”

“ಆಗಲ್ಲ, ಮೇಡಂ. ನನ್ನನ್ನೇ ಬಿಟ್ಟಿಲ್ಲ.”

“ಫೇಲಾದೋರನ್ನ ಅರ್ಧದಲ್ಲಿ ಬಿಟ್ಟು ಊರು ಬಿಟ್ಟೋಳಾ ನಾನು?”

“ಇಲ್ಲ, ಮೇಡಂ. ಪಾಸಾಗೋ ತನಕ ಬಿಡಲ್ಲ.”

“ಮತ್ತೆ,” ಎಂದಳು ಮೇಡಂ. ಚೀಲದಿಂದ ಫೋನು ತೆಗೆದು, ದೂರದ ಊರಿನ ಕಾಲೇಜಿಗೆ ಅಲ್ಲೇ ಎಲ್ಲರೆದುರಿಗೆ ಉತ್ತರ ಹೇಳಿದಳು. ಒಬ್ಬ ವಿದ್ಯಾರ್ಥಿ ಬಾಕಿ ಉಳಿದಿದ್ದಾನೆ, ದಡ್ಡ, ವಯಸ್ಸೂ ಆಗಿದೆ, ಪಾಸಾಗುವ ಲಕ್ಷಣ ಕಾಣುವುದಿಲ್ಲ, ಆದ್ದರಿಂದ ಬರಲಾಗುವುದಿಲ್ಲ, ಕ್ಷಮಿಸಿ. ಬೇಕರಿಯಣ್ಣ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಇಷ್ಟು ಸಂತೋಷವಾದಾಗ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಕೇಕು ಹಂಚಲು ಹೋದ. ಕತ್ತು ತಿರುಚಿಕೊಂಡು ಸತ್ತ ಆ ರೋಗಿಯ ಒಂದು ಚೂರೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಎಂದಿನ ಹಾಗೆ ಟೀ ಲೋಟ ಹಿಡಿದು ಮೂಟೆಯ ಮೇಲೆ ಕೂತಳು. ಹೋಗಲು ಕಾಲೇಜಿಲ್ಲ, ಹೇಳಿ ನೋಡಿಕೊಳ್ಳಲು ಪಾಠವಿಲ್ಲ. ಕೋಣೆಯಲ್ಲಿ ಹಿಟ್ಟು ನಾದುವ ಸದ್ದು ಮಾತ್ರ ಇತ್ತು. ಅವಳು ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದನ್ನು ಬೇಕರಿಯಣ್ಣ ಕಂಡ.

“ಅಲ್ಲ ಕಣೇ,” ಎಂದ. “ಬೆನ್ನುಹುರಿಗೂ ಅಂಚು ಕೂಡಿದ ಗೆರೆ ಇರುತ್ತಾ?”

ತಿರುಗುತ್ತಿದ್ದ ಲೋಟ ನಿಂತಿತು. ಮದುವೆಯಾದಾಗಿನಿಂದ ಅವನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಲೋಟ ಪಕ್ಕಕ್ಕಿಟ್ಟು, ಸೀರೆ ಸರಿಮಾಡಿಕೊಂಡು, ನೆಟ್ಟಗೆ ಕೂತಳು.

“ಇರುತ್ತೆ ಅಂತಾನೇ ಅನ್ನಿ. ತಾಯಿ ಹೊಟ್ಟೇಲಿ ಇದ್ದಾಗ ಅದೊಂದು ಚಪ್ಪಟೆ ಹಾಳೆ. ಅಂಚು ಎರಡೂ ಮೇಲೆದ್ದು, ಬಾಗಿ, ಕೊಳವೆ ಆಗುತ್ತೆ. ಬೆನ್ನ ಕಡೆ ಬಂದು ಕೂಡಿಕೊಳ್ಳುತ್ತೆ.”

ಅವನು ನಾದುತ್ತಲೇ ಯೋಚಿಸಿದ. “ಹಾಗಾದ್ರೆ ಮನುಷ್ಯ ಅಂಗಾತ ಮಲಗಿದ್ರೆ ಗೆರೆ ಕೆಳಗೇ ಬರುತ್ತೆ.”

ಮೇಡಂ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹೊರಗೆ ಗಲ್ಲಾಪೆಟ್ಟಿಗೆಯ ಹತ್ತಿರ ತಂಗಿ ಏನಾಯಿತೆಂದು ಇಣುಕಿ ನೋಡಿ ಹೋದಳು.

“ಇದನ್ನ ನಿನ್ನೆ ಹೇಳಿದ್ದಿದ್ರೆ ಅರ್ಧ ಮಾರ್ಕು ಕೊಡ್ತಿದ್ದೆ.”

“ಪಾಸಾಗ್ತಿದ್ನಾ?”

“ಇಲ್ಲ.”

“ಸದ್ಯ,” ಎಂದ ಬೇಕರಿಯಣ್ಣ, ಹಿಟ್ಟನ್ನು ಮಗುಚಿ ಮತ್ತೆ ನಾದತೊಡಗಿದ.